ಚೂಪಿದ್ದದ್ದೆಲ್ಲ ಬಾಣ ಅಲ್ಲರೀ ಕಾಕಾ

ಪಕ್ಕದ ಮನೆ ಕಾಕಾ ಕಮಲಾಪುರದವರು. ಅಲ್ಲಿ ಕೆಂಪು ಬಾಳೆಯ ತೋಟ, ಇಲ್ಲಿ ಕಲಬುರಗಿಯಲ್ಲಿ ಮಗನ ಮನೆ. ನಮ್ಮಿಬ್ಬರ ಹರಟೆಯೆಲ್ಲ ಕಂಪೌಂಡ್ ಗೋಡೆಯ ಆಚೀಚೆ ನಿಂತೇ. ಮೊನ್ನೆ ಮೂರು ಮೂಲೆಯ ಕರಿಕಲ್ಲೊಂದನ್ನು ಗೋಡೆ ಮೇಲಿಟ್ಟು, "ನೋಡ್ರಿ ಸರ, ಬಾಣದ ಮೊನಿ ಇದ್ದಂಗ ಅದ. ಎಷ್ಟ್ ಹಳೀದಿರಬೇಕು?" ಅಂದರು.

"ಬರೇ ಆಕಾರ ನೋಡಿ ಹೇಳಾಕ ಬರಂಗಿಲ್ರಿ ಕಾಕಾ. ಪೆಟ್ಟಿನ ಗುರುತು ಹುಡುಕಬೇಕು."

ಬಿಸಿಲಿಗೆ ಸೀಳಿದ ಕಲ್ಲೂ ಚೂಪಾಗುತ್ತದೆ, ನೇಗಿಲು ತಾಗಿದ್ದೂ ಚೂಪಾಗುತ್ತದೆ. ಮನುಷ್ಯ ಹೊಡೆದು ಎಬ್ಬಿಸಿದ ಚಕ್ಕೆಯಲ್ಲಾದರೆ ಪೆಟ್ಟು ಬಿದ್ದ ಚಿಕ್ಕ ಜಾಗ ಕಾಣುತ್ತದೆ. ಅದರ ಕೆಳಗೆ ಒಳಮೈಯಲ್ಲಿ ಒಂದು ಉಬ್ಬು, ಉಬ್ಬಿನಿಂದ ಹೊರಟ ಅಲೆಗಳಂಥ ಗೆರೆಗಳು. ಬೆನ್ನಿನ ಮೇಲೆ ಮೊದಲೇ ತೆಗೆದ ಚಕ್ಕೆಗಳ ಗುಳಿಗಳು. ಅಂಚನ್ನು ಒಂದೇ ದಿಕ್ಕಿನಿಂದ, ಒಂದೇ ಕ್ರಮದಲ್ಲಿ ಸಣ್ಣಸಣ್ಣದಾಗಿ ಕೆತ್ತಿದ್ದರೆ ಅಲ್ಲಿ ಕೈಯೂ ಇತ್ತು, ಮನಸ್ಸೂ ಇತ್ತು. ಕಾಕಾನ ಕಲ್ಲಿನಲ್ಲಿ ಇದ್ಯಾವುದೂ ಕಾಣಲಿಲ್ಲ.

"ಹಂಗಾದ್ರ ನಮ್ಮ ಕಡಿ ಮಂದಿ ಬಾಣಾನೇ ಬಿಟ್ಟಿಲ್ಲೇನು?"

ಬಿಟ್ಟಿದ್ದಾರೆ. ಆದರೆ ಪುಸ್ತಕದ ಚಿತ್ರದಲ್ಲಿರುವಂಥ ದೊಡ್ಡ ಮೊನೆಯನ್ನು ನಮ್ಮ ನೆಲದಲ್ಲಿ ಹುಡುಕಹೋದರೆ ನಿಜವಾದದ್ದು ಕಾಲಡಿಗೇ ತಪ್ಪಿಹೋಗುತ್ತದೆ. ಇಲ್ಲಿನ ಚೂರುಗಳು ಬೆರಳಿನ ಉಗುರಿನಷ್ಟು: ಕೆಲವು ಅರ್ಧಚಂದ್ರ, ಕೆಲವು ತ್ರಿಕೋನ, ಕೆಲವು ಕಿರಿದಾದ ಅಲಗು. ಚರ್ಟ್, ಕ್ಯಾಲ್ಸಿಡೋನಿಯಂಥ ನುಣುಪು ಕಲ್ಲಿನವು. ಒಂದು ಬದಿ ಹರಿತ, ಇನ್ನೊಂದು ಬದಿಯನ್ನು ಬೇಕೆಂದೇ ಮೊಂಡು ಮಾಡಿರುತ್ತಾರೆ. ಮೊಂಡು ಬದಿಗೆ ಅಂಟು ಹಚ್ಚಿ ಕಟ್ಟಿಗೆಗೆ ಕೂರಿಸಿದರೆ ಹರಿತ ಬದಿ ಹೊರಗೆ, ಕರಗಸದ ಹಲ್ಲಿನಂತೆ ಸಾಲಾಗಿ. ಒಂದು ಹಲ್ಲು ಮುರಿದರೆ ಅದೊಂದನ್ನೇ ಬದಲಿಸಿದರಾಯಿತು. ಕರ್ನೂಲು ಕಡೆಯ ಜ್ವಾಲಾಪುರಂನಲ್ಲಿ ಇಂಥ ಸೂಕ್ಷ್ಮ ಶಿಲಾಯುಧಗಳು ಸುಮಾರು 35,000 ವರ್ಷ ಹಿಂದಿನವು. ದಕ್ಷಿಣ ಆಫ್ರಿಕಾದ ಸಿಬುಡು ಗುಹೆಯಲ್ಲಂತೂ 60,000 ವರ್ಷಕ್ಕೂ ಹಳೆಯ ಅರ್ಧಚಂದ್ರಗಳ ಮೇಲೆ ಅಂಟಿನ ಕುರುಹು ಸಿಕ್ಕಿದೆ.

ಎಲ್ಲ ಚೂರೂ ಬಾಣದ್ದಲ್ಲ. ಕುಡುಗೋಲಿಗೂ ಚಾಕುವಿಗೂ ಅವನ್ನೇ ಕೂರಿಸುತ್ತಿದ್ದರು. ತುದಿ ಮುರಿದ ರೀತಿ, ಅಂಚು ಸವೆದ ರೀತಿ ನೋಡಿ ವಿಂಗಡಿಸಬೇಕು. ಅಂಗೈ ತುಂಬುವ ಕೈಗೊಡಲಿ ಎಷ್ಟೇ ಚೂಪಿರಲಿ, ಅದು ಬಾಣವಲ್ಲ. ಅದು ಕಡಿಯಲಿಕ್ಕೆ, ಕೊಯ್ಯಲಿಕ್ಕೆ.

"ಕೈಗೊಡಲಿ ನಮ್ಮ ಕಡಿ ಎಲ್ಲ್ಯಾವ್ರಿ?"

"ಹುಣಸಗಿ ಹತ್ರ ಇಸಾಂಪುರ ಅದ ನೋಡ್ರಿ ಕಾಕಾ." ಯಾದಗಿರಿ ಬೇರೆ ಜಿಲ್ಲೆಯಾಗುವ ಮುಂಚೆ ಅದು ನಮ್ಮ ಜಿಲ್ಲೆಯೇ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1960ರ ದಶಕದಿಂದಲೂ ಸುರಪುರ ಸೀಮೆಯನ್ನು ನಡೆದು ನೋಡಿದವರು. ಇಸಾಂಪುರದಲ್ಲಿ ಅವರ ತಂಡ ಅಗೆದಾಗ ಸಿಕ್ಕಿದ್ದು ಒಂದು ಕಲ್ಲಿನ ಕಾರ್ಖಾನೆ: ಸುಣ್ಣಕಲ್ಲಿನ ಹಾಸುಗಳು, ಹೊಡೆಯುವ ಗುಂಡುಗಲ್ಲು, ಅರೆಬರೆ ಕೈಗೊಡಲಿ, ಸುತ್ತ ಚಕ್ಕೆಗಳ ರಾಶಿ. ಜೊತೆಗೆ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲುಗಳಿಂದ ಅಳೆದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ.

ಯಾರೋ ಮೊದಲೇ ಬಂದು ಚಂದದ ಕೈಗೊಡಲಿಗಳನ್ನಷ್ಟೇ ಆರಿಸಿಕೊಂಡು ಹೋಗಿದ್ದರೆ? ಕೈಗೊಡಲಿ ಶೋಕೇಸಿನಲ್ಲಿ ಉಳಿಯುತ್ತಿತ್ತು, ಕಾರ್ಖಾನೆ ಅಳಿಸಿಹೋಗುತ್ತಿತ್ತು. ಯಾವುದರ ಪಕ್ಕ ಯಾವುದಿತ್ತು, ಯಾವ ಮಣ್ಣಿನ ಪದರದಲ್ಲಿತ್ತು ಎನ್ನುವುದೇ ಕಲ್ಲಿನ ಅರ್ಧ ಇತಿಹಾಸ. ಅದನ್ನು ಜೇಬಿನಲ್ಲಿ ಹಾಕಿಕೊಂಡು ಬರಲಾಗದು.

"ಮತ್ತ ಹೊಲದಾಗ ಸಿಕ್ರ ಏನ್ ಮಾಡ್ಲಿ?"

"ಎಬ್ಬಿಸಬ್ಯಾಡ್ರಿ, ತೊಳೀಬ್ಯಾಡ್ರಿ. ಬಾಜೂಕ ಒಂದು ರೂಪಾಯಿ ಇಟ್ಟು ಫೋಟೋ ತಗೀರಿ, ಅಳತಿ ತಿಳೀತದ. ಸರ್ವೆ ನಂಬರ್ ಬರ್ಕೊಳ್ರಿ, ಪುರಾತತ್ವ ಇಲಾಖಿಗೆ ತಿಳಿಸ್ರಿ. ಇನ್ನ ಮುಂದ ಕಲ್ಲು ನನ್ನ ಹತ್ರ ತರಬ್ಯಾಡ್ರಿ ಕಾಕಾ. ನನ್ನನ್ನೇ ಕಲ್ಲಿನ ಹತ್ರ ಕರ್ಕೊಂಡು ಹೋಗ್ರಿ."