ರೀಸೆಟ್ ರಾಯರು

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಯಾರದಾದರೂ ಕಾರಿನ ಬಾನೆಟ್ ಎದ್ದಿತೆಂದರೆ ರೀಸೆಟ್ ರಾಯರು ಹಾಜರು. ಕೈಯಲ್ಲಿ ಹತ್ತನೇ ನಂಬರ್ ಸ್ಪ್ಯಾನರ್, ಬಾಯಲ್ಲಿ ಒಂದೇ ಮಂತ್ರ: ‘ಬ್ಯಾಟರಿ ಮೈನಸ್ ತೆಗೀರಿ, ಕಾಲು ಗಂಟೆ ಬಿಡಿ, ಎಲ್ಲಾ ಸರಿಹೋಗತ್ತೆ.’ ಚೆಕ್ ಎಂಜಿನ್ ದೀಪ ಹತ್ತಿದರೂ ಇದೇ, ಪಿಕಪ್ ಬಿದ್ದರೂ ಇದೇ, ಮೈಲೇಜ್ ಇಳಿದರೂ ಇದೇ. ಟೈರು ಪಂಕ್ಚರಾದಾಗ ಮಾತ್ರ ಕೊಂಚ ಯೋಚಿಸುತ್ತಾರೆ. ಇವರನ್ನು ಏನೂ ತಿಳಿಯದವರೆಂದು ತಳ್ಳಿಹಾಕುವುದು ಅನ್ಯಾಯ. ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂದ ಕಾಲದ ಅನೇಕ ಕಾರುಗಳಲ್ಲಿ ಎಂಜಿನ್ನನ್ನು ಆಳುವ ಕಂಪ್ಯೂಟರಾದ ಇಸಿಯು ತಾನು ಕಲಿತದ್ದನ್ನು ಬ್ಯಾಟರಿಯ ಕರೆಂಟು ಇರುವತನಕವಷ್ಟೇ ನೆನಪಿಡುತ್ತಿತ್ತು. ವೈರು ಕಳಚಿದರೆ ಎಲ್ಲ ಮರೆತು ಕಾರ್ಖಾನೆಯ ಲೆಕ್ಕಕ್ಕೆ ಮರಳುತ್ತಿತ್ತು. ಈಗಿನ ಇಸಿಯು ಎಷ್ಟೋ ಸಂಗತಿಗಳನ್ನು ಕರೆಂಟಿನ ಹಂಗಿಲ್ಲದೆ ಕಾದಿಟ್ಟುಕೊಳ್ಳುತ್ತದೆ. ಕಾರು ಮುಂದೆ ಹೋಯಿತು, ರಾಯರು ಸ್ಪ್ಯಾನರ್ ಹಿಡಿದು ಅಲ್ಲೇ ನಿಂತರು.

ಆದರೆ ಅವರ ನಿಜವಾದ ತಪ್ಪು ಹಳೆಯ ವಿದ್ಯೆಯಲ್ಲ. ಅಳಿಸುವುದನ್ನೇ ರಿಪೇರಿ ಎಂದುಕೊಂಡದ್ದು. ಹೊಗೆಕೊಳವೆಯ ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿ ಪೆಟ್ರೋಲನ್ನು ತುಸು ಹೆಚ್ಚು, ತುಸು ಕಡಿಮೆ ಮಾಡುತ್ತ ಇಸಿಯು ಆ ಎಂಜಿನ್ನಿನ ಹದ ಕಲಿತಿರುತ್ತದೆ. ದೋಷ ಕಂಡರೆ ಕೋಡ್ ಬರೆದಿಡುತ್ತದೆ. ಆ ಗಳಿಗೆಯ ಎಂಜಿನ್ ವೇಗ, ಬಿಸಿ, ಹೊರೆಯನ್ನೂ ಜೊತೆಗೇ ದಾಖಲಿಸುತ್ತದೆ. ಮೆಕ್ಯಾನಿಕ್ಕಿಗೆ ಸಿಗುವ ಒಳ್ಳೆಯ ಸಾಕ್ಷಿ ಅದೇ. ರಾಯರ ಕೈಚಳಕದಿಂದ ಆ ಸಾಕ್ಷಿ ಅಳಿದರೆ ಉಳಿಯುವುದು ಹನ್ನೆರಡು ತೋರಿಸುವ ಗಡಿಯಾರ, ಕೋಡ್ ಕೇಳುವ ರೇಡಿಯೊ, ಐಡ್ಲಿಂಗಿನಲ್ಲಿ ತಡವರಿಸುವ ಎಂಜಿನ್ನು. ದೋಷವಂತೂ ಇದ್ದಲ್ಲೇ ಇದೆ.

‘ದೀಪ ಆರಿತಲ್ಲ!’ ಎನ್ನುತ್ತಾರೆ ರಾಯರು. ಆರಿದ್ದು ನಿಜ. ಅನೇಕ ದೋಷಗಳನ್ನು ಇಸಿಯು ಎರಡು ಓಟಗಳಲ್ಲಿ ಖಚಿತಪಡಿಸಿಕೊಂಡ ಮೇಲಷ್ಟೇ ದೀಪ ಹಚ್ಚುತ್ತದೆ. ಆ ಎರಡು ಓಟಗಳ ನಡುವಿನ ಬಿಡುವೇ ರಾಯರ ಕೀರ್ತಿಯ ಆಯಸ್ಸು. ಥರ್ಮಾಮೀಟರ್ ಕೊಡವಿ ಪಾದರಸ ಇಳಿಸಿದವನು ಜ್ವರ ಬಿಡಿಸಿದೆನೆಂದು ಹೇಳಿಕೊಂಡಂತೆ ಇದು. ಪಿ0420 ಎಂಬ ಕೋಡು ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಕೆಲಸ ತಗ್ಗಿದೆ ಎನ್ನುತ್ತದೆ. ಕೋಡ್ ಅಳಿಸಿದರೆ ಕನ್ವರ್ಟರಿಗೆ ಯೌವನ ಬಾರದು. ರಾಯರ ಬಂಧುಗಳು ಅಮೆರಿಕದಲ್ಲೂ ಇದ್ದಾರೆ: ಹೊಗೆ ಪರೀಕ್ಷೆಗೆ ಮೊದಲು ಬ್ಯಾಟರಿ ಕಳಚುವವರಿಗಾಗಿಯೇ ಅಲ್ಲಿ 2010ರ ಮಾದರಿಗಳಿಂದ ಶುರುವಾಗಿ, ವೈರು ಕಿತ್ತರೂ ಅಳಿಯದ ಶಾಶ್ವತ ಕೋಡುಗಳು ಬಂದವು. ದೋಷ ನೀಗಿದೆಯೆಂದು ಕಾರೇ ಖಚಿತಪಡಿಸಿಕೊಳ್ಳುವವರೆಗೆ ಅವು ಕದಲುವುದಿಲ್ಲ.

‘ವರ್ಕ್‌ಶಾಪಿನವರೂ ರೀಸೆಟ್ ಮಾಡ್ತಾರಲ್ಲ?’ ಎಂಬ ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮಾಡುತ್ತಾರೆ: ಥ್ರಾಟಲ್ ಬಾಡಿ ತೊಳೆದ ಮೇಲೆ, ಸೆನ್ಸರ್ ಬದಲಿಸಿದ ಮೇಲೆ ಹಳೆಯ ಪಾಠ ಮರೆಸಿ ಹೊಸದು ಕಲಿಸಲು. ಸ್ಟೀರಿಂಗಿನ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ ಮೊದಲು ಓದುತ್ತಾರೆ, ಬಳಿಕ ರಿಪೇರಿ, ಕೊನೆಗೆ ಅಳಿಸುವುದು. ರಾಯರು ಮೊದಲೆರಡನ್ನು ಬಿಟ್ಟು ಮೂರನೆಯದಕ್ಕೇ ಕೈಹಾಕುತ್ತಾರೆ.

ಆದರೂ ಅವರ ಪ್ರಾಕ್ಟೀಸು ಕುಂದಿಲ್ಲ. ಮೆಕ್ಯಾನಿಕ್ ಹೇಳುವುದು ಖರ್ಚು, ರಾಯರು ಹೇಳುವುದು ವಾಯಿದೆ. ದೀಪ ಮತ್ತೆ ಹತ್ತುತ್ತದೆಂದು ಕಾರಿನೊಡೆಯನಿಗೂ ಗೊತ್ತು; ಅದು ಸಂಬಳದ ದಿನ ಕಳೆದ ಮೇಲೆ ಹತ್ತಲಿ ಎಂಬುದಷ್ಟೇ ಅವನ ಪ್ರಾರ್ಥನೆ. ಅದನ್ನು ರಾಯರು ಪುಕ್ಕಟೆಯಾಗಿ ಈಡೇರಿಸಿಕೊಡುವಾಗ ಇಸಿಯುವಿನ ಮಾತು ಯಾರಿಗೆ ಬೇಕು?