17ನೇ ಸಭೆ ಕರೆಯುವ ಕುರಿತು

ಗೆ,
ಅಧ್ಯಕ್ಷರು ಹಾಗೂ ಸರ್ವ ಸದಸ್ಯರು,
ರಾಷ್ಟ್ರೀಯ ಭಾವೈಕ್ಯ ಮಂಡಳಿ,
ನವದೆಹಲಿ.

ಮಾನ್ಯರೇ,

ನಾನು ಕ್ಷೇಮ. ತಾವೂ ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ, ಏಕೆಂದರೆ 2013ರ ಸೆಪ್ಟೆಂಬರ್ 23ರ ನಿಮ್ಮ 16ನೇ ಸಭೆ ಆದಮೇಲೆ ನಿಮ್ಮ ಸಮಾಚಾರ ನನ್ನ ಕಣ್ಣಿಗೆ ಬಿದ್ದಿಲ್ಲ. ಮುಜಫ್ಫರ್‌ನಗರ ಕೋಮುಗಲಭೆಯಲ್ಲಿ ಹೊತ್ತಿ ಉರಿದ ಮೇಲೆ ಸೇರಿದ ಸಭೆ ಅದು. 1961ರಲ್ಲಿ ನೆಹರೂ ನಿಮ್ಮನ್ನು ಹುಟ್ಟುಹಾಕಿದ್ದೂ ಜಬಲ್ಪುರದಲ್ಲಿ ಗಲಭೆಯಾದ ವರ್ಷವೇ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರ ಬಗ್ಗೆ ನಮ್ಮ ಕಡೆ ಗಾದೆಯುಂಟು. ತೋಡಿದ್ದನ್ನು ಮತ್ತೆ ಮುಚ್ಚಿ, ಮುಂದಿನ ಬೆಂಕಿಗೆ ಕಾಯುವವರ ಬಗ್ಗೆ ಗಾದೆ ಇನ್ನೂ ಹುಟ್ಟಿಲ್ಲ.

1962ರ ಮೊದಲ ಸಭೆಯಿಂದ ಲೆಕ್ಕ ಹಾಕಿದರೆ 51 ವರ್ಷಕ್ಕೆ 16 ಸಭೆ. ಹೆಚ್ಚುಕಡಿಮೆ ಮೂರು ವರ್ಷಕ್ಕೊಂದು. ನಮ್ಮ ಸಾಗರದ ಮಾರಿಜಾತ್ರೆಯೂ ಮೂರು ವರ್ಷಕ್ಕೊಮ್ಮೆ. ಆದರೆ ಮಾರಿಕಾಂಬೆ ಬಂದರೆ ದಿನಗಟ್ಟಲೆ ಕೂರುತ್ತಾಳೆ, ಅವಳ ಮುಂದೆ ಯಾರೂ ಭಾಷಣ ಮಾಡುವ ಹಾಗಿಲ್ಲ. 2010ರಲ್ಲಿ ನಿಮ್ಮನ್ನು ಹೊಸದಾಗಿ ರಚಿಸಿದಾಗ ನೀವು 147 ಮಂದಿ ಇದ್ದಿರಿ. ತಲೆಗೆ ಐದು ನಿಮಿಷ ಕೊಟ್ಟರೂ ಹನ್ನೆರಡು ಗಂಟೆ ದಾಟಿತು. ಮಾತಾಡುವುದಕ್ಕೇ ಅಷ್ಟು ಹೊತ್ತು, ಕೇಳಿಸಿಕೊಳ್ಳುವುದು ಯಾವಾಗ ಸ್ವಾಮಿ?

ನನ್ನ ಅರ್ಹತೆಯನ್ನು ಹೇಳಿಬಿಡುತ್ತೇನೆ. ನಾನು ನಿವೃತ್ತ ಗುಮಾಸ್ತ. ಕಚೇರಿಯ ಹೆಸರು ಬೇಡ, ಅಲ್ಲಿರುವವರೂ ಮನುಷ್ಯರೇ. ವರ್ಷವಿಡೀ ಅಲ್ಲಿ ಪ್ರತಿಜ್ಞಾವಿಧಿಗಳನ್ನು ಜೆರಾಕ್ಸ್ ಮಾಡಿ ಹಂಚುವ ಕೆಲಸ ನನ್ನದಾಗಿತ್ತು. ಮೇ 21ಕ್ಕೆ ಭಯೋತ್ಪಾದನಾ ವಿರೋಧಿ ದಿನ. ಆಗಸ್ಟ್ 20ಕ್ಕೆ ಸದ್ಭಾವನಾ ದಿನ. ನವೆಂಬರ್ 19ರಿಂದ ಭಾವೈಕ್ಯತಾ ಸಪ್ತಾಹ, ಅದು ಮುಗಿದ ಮಾರನೇ ದಿನವೇ ಸಂವಿಧಾನ ದಿನ. ಬಲಗೈ ಮುಂದೆ ಚಾಚಿ, ಜಾತಿ ಮತ ಭಾಷೆ ಪ್ರದೇಶ ನೋಡದೆ ದುಡಿಯುತ್ತೇವೆಂದು ಇಷ್ಟು ಸಲ ಆಣೆ ಮಾಡಿದ ಜನ ಪ್ರಪಂಚದಲ್ಲಿ ಇನ್ನೆಲ್ಲೂ ಇರಲಾರರು. ಆಣೆ ಮುಗಿಸಿ ಕೈ ಇಳಿಸಿದವರು ನೇರ ಊಟಕ್ಕೆ ಹೋಗುತ್ತಿದ್ದರು. ಅಲ್ಲಿ ಯಾರ ಬುತ್ತಿ ಯಾರ ಪಕ್ಕ ಬಿಚ್ಚಬೇಕೆಂಬುದಕ್ಕೆ ಸುತ್ತೋಲೆ ಬೇಕಿರಲಿಲ್ಲ. ಅದು ಎಲ್ಲರಿಗೂ ಬಾಯಿಪಾಠ.

ಅಕ್ಟೋಬರ್ 31ರ ಕಥೆಯೇ ಬೇರೆ. ಮೊದಲೆಲ್ಲ ಅದು ಇಂದಿರಾ ಗಾಂಧಿಯವರ ಪುಣ್ಯತಿಥಿ, ಸಂಕಲ್ಪ ದಿನ. 2014ರಿಂದ ಸರ್ದಾರ್ ಪಟೇಲರ ಜಯಂತಿ, ಏಕತಾ ದಿನ. ಆ ವರ್ಷ ನಮ್ಮಲ್ಲಿ ಸ್ಟೂಲು ಒಂದೇ, ಫೋಟೋ ಎರಡು. ಜವಾನ ತಂದದ್ದು ಒಂದೇ ಸೇವಂತಿಗೆ ಮಾಲೆ, ಅಷ್ಟಕ್ಕೇ ದುಡ್ಡು ಮಂಜೂರಾಗಿತ್ತು. ಮಾಲೆ ಯಾರ ಕೊರಳಿಗೆ ಎಂಬಲ್ಲಿ ಕಚೇರಿ ಎರಡು ಹೋಳಾಯಿತು. ಒಂದು ಗುಂಪು ಕಿಟಕಿ ಕಡೆ ಸರಿಯಿತು, ಇನ್ನೊಂದು ಬೀರು ಕಡೆ. ಕೊನೆಗೆ ನಾನೇ ಕಡತ ಕಟ್ಟುವ ದಾರ ತಂದು, ಮಾಲೆಯನ್ನು ನಡುವೆ ಕತ್ತರಿಸಿ ಎರಡು ಗಂಟು ಹಾಕಿದೆ. ಇಬ್ಬರ ಕೊರಳಿಗೂ ಸಾಲಲಿಲ್ಲ, ಹಣೆಗೆ ಪಟ್ಟಿ ಕಟ್ಟಿದ ಹಾಗೆ ಕಂಡಿತು. ಆಮೇಲೆ ಎಲ್ಲರೂ ಒಕ್ಕೊರಲಿನಿಂದ ಏಕತೆಯ ಪ್ರತಿಜ್ಞೆ ತೆಗೆದುಕೊಂಡೆವು, ಕಿಟಕಿ ಕಡೆಯವರು ಕಿಟಕಿ ಕಡೆಯಿಂದ, ಬೀರು ಕಡೆಯವರು ಬೀರು ಕಡೆಯಿಂದ.

ಸಂವಿಧಾನದ ಪ್ರಸ್ತಾವನೆಯಲ್ಲಿ ಬರುವ ಭ್ರಾತೃಭಾವ ಎಂಬ ಮಾತಿನ ಮೇಲೆ ನನಗೆ ಮೊದಲಿಂದಲೂ ಸಣ್ಣ ಅನುಮಾನ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುವ ಊರಿನವನು ನಾನು. ಪಾಲುಪಟ್ಟಿ ನೋಡದ ಭ್ರಾತೃಗಳನ್ನು ನಾನು ಕಂಡಿದ್ದು ಕಡಿಮೆ. ಅಂಬೇಡ್ಕರ್ ಅವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಎಚ್ಚರಿಸಿದ್ದೇ ಇದನ್ನು. ಭ್ರಾತೃತ್ವ ಇಲ್ಲದಿದ್ದರೆ ಸ್ವಾತಂತ್ರ್ಯವೂ ಸಮಾನತೆಯೂ ಮೇಲೆ ಬಳಿದ ಬಣ್ಣದಷ್ಟೇ ಎಂಬ ಅರ್ಥದಲ್ಲಿ. ನಾವು ಅದನ್ನು ಸಲಹೆಯೆಂದು ತಿಳಿದು ಬಣ್ಣವನ್ನೇ ಬಳಿದೆವು. ಗೋಡೆ ಗೋಡೆಗೂ ಪ್ರಸ್ತಾವನೆ ಬರೆಸಿದೆವು, ಅದರ ಬುಡದಲ್ಲಿ ಎಲೆಯಡಿಕೆ ಉಗಿದೆವು. 2024ರ ಸೆಪ್ಟೆಂಬರ್ 15ರಂದು ನಮ್ಮ ರಾಜ್ಯದಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ 2,500 ಕಿಲೋಮೀಟರ್ ಮಾನವ ಸರಪಳಿಯೂ ಆಯಿತು. ಕೈಗೆ ಕೈ ಕೂಡಿಸಿದ್ದು ಚೆಂದವೇ, ಹಂಗಿಸುತ್ತಿಲ್ಲ. ಫೋಟೋ ಮುಗಿದ ಮೇಲೆ ಆ ಕೈಗಳು ಏನು ಮಾಡಿದವು ಎಂಬುದಷ್ಟೇ ನನ್ನ ಕುತೂಹಲ.

ಭ್ರಾತೃತ್ವ ಬೆಳೆಸುವುದು ಪ್ರಜೆಯ ಕರ್ತವ್ಯವೆಂದು 51ಎ ವಿಧಿ ಹೇಳುತ್ತದೆ. ಅದು ಸಂವಿಧಾನದೊಳಗೆ ಬಂದದ್ದು 1976ರಲ್ಲಿ, 42ನೇ ತಿದ್ದುಪಡಿಯಲ್ಲಿ. ತುರ್ತುಪರಿಸ್ಥಿತಿಯ ಕಾಲ. ಅಣ್ಣತಮ್ಮಂದಿರ ಹಾಗೆ ಬಾಳಿರೆಂದು ಬರೆಯುವ ಹೊತ್ತಿಗೆ ವಿರೋಧ ಪಕ್ಷದ ಎಷ್ಟೋ ಅಣ್ಣತಮ್ಮಂದಿರು ಜೈಲಿನಲ್ಲಿದ್ದರು. ತಮಾಷೆಯೆಂದರೆ ಭಾವೈಕ್ಯ ಸಾಧಿಸಿದ್ದು ಆ ಜೈಲೇ. 1975ರಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಜನಸಂಘದ ವಾಜಪೇಯಿ, ಆಡ್ವಾಣಿ ಇದ್ದರು, ಸಮಾಜವಾದಿ ಮಧು ದಂಡವತೆಯವರೂ ಇದ್ದರು. ಹೊರಗೆ ಒಂದೇ ವೇದಿಕೆ ಹತ್ತಲು ಹಿಂದೆಮುಂದೆ ನೋಡುವವರು ಒಳಗೆ ಒಂದೇ ಅಡುಗೆ ಉಂಡರು. ಹೊರಬಂದು 1977ರಲ್ಲಿ ಒಂದೇ ಪಕ್ಷ ಕಟ್ಟಿದರು. 1979ರಲ್ಲಿ ಅದನ್ನು ಒಡೆದರು. ಬಾಗಿಲು ತೆರೆದಿದ್ದರೆ ಐಕ್ಯ ನಿಲ್ಲುವುದಿಲ್ಲ ಎಂಬ ಪಾಠ ಇದರಲ್ಲಿದೆಯೋ ಏನೋ. ಮಂಡಳಿ ಯೋಚಿಸಲಿ.

ಹಾಗೆಂದು ರಾಜಕಾರಣಿಗಳಲ್ಲಿ ಒಗ್ಗಟ್ಟಿಲ್ಲವೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. 2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆ ನೋಡಿ. ಗುತ್ತಿಗೆ ಮೀಸಲಾತಿ, ಹನಿಟ್ರ್ಯಾಪ್ ಆರೋಪ ಎಂದು ಸದಸ್ಯರು ಸದನದ ಬಾವಿಗಿಳಿದಿದ್ದರು. ಹರಿದ ಕಾಗದ ಸಭಾಧ್ಯಕ್ಷರ ಪೀಠದತ್ತ ಹಾರುತ್ತಿತ್ತು. 18 ಶಾಸಕರು ಅಮಾನತಾಗಿ ಮಾರ್ಷಲ್‌ಗಳ ತೋಳಲ್ಲಿ ಹೊರಹೋದರು. ಅದೇ ದಿನ, ಅದೇ ಗದ್ದಲದ ಸಂದಿಯಲ್ಲಿ, ಚರ್ಚೆಯೇ ಇಲ್ಲದೆ ಒಂದು ಮಸೂದೆ ಪಾಸಾಯಿತು. ಶಾಸಕರ ಮೂಲವೇತನ 40,000ದಿಂದ 80,000 ರೂಪಾಯಿಗೆ. ಆ ಮಸೂದೆಯ ಪ್ರತಿ ಹರಿದುಹಾರಿದ ಸುದ್ದಿ ನಾನು ಎಲ್ಲೂ ಓದಲಿಲ್ಲ. ನಾಡಿನ ಸಮಾನ ಮೌಲ್ಯ ಯಾವುದೆಂದು ನಿಮ್ಮ ಮಂಡಳಿ ಅರವತ್ತು ವರ್ಷ ಹುಡುಕಿತಲ್ಲ, ಒಂದಂತೂ ಇಲ್ಲಿ ಸಿಕ್ಕಿದೆ, ದಾಖಲಿಸಿಕೊಳ್ಳಿ.

ಬೇರೆಯವರ ಹುಳುಕು ಇಷ್ಟು ಬರೆದವನು ನನ್ನದನ್ನೂ ಬರೆಯಬೇಕಷ್ಟೆ. 2019ರ ಚುನಾವಣೆಯಿಂದ ಈಚೆಗೆ ನಾನೂ ನನ್ನ ಅಣ್ಣನೂ ಮಾತಾಡುವುದಿಲ್ಲ. ಅವನು ಒಂದು ಪಕ್ಷ, ನಾನು ಇನ್ನೊಂದು. ಯಾರದು ಯಾವುದೆಂದು ಹೇಳಿದರೆ ಓದುವವರಲ್ಲಿ ಅರ್ಧ ಜನ ಇಲ್ಲಿಗೇ ಪತ್ರ ಮಡಚುತ್ತಾರೆ. ಅಪ್ಪನ ತಿಥಿಗೆ ಒಂದೇ ಮನೆಗೆ ಹೋಗುತ್ತೇವೆ, ಒಂದೇ ಪಂಕ್ತಿಯಲ್ಲಿ ಕೂರುತ್ತೇವೆ. ಉಪ್ಪು ಬೇಕಾದರೆ ಅವನು ಬಡಿಸುವವನನ್ನು ಕರೆಯುತ್ತಾನೆಯೇ ಹೊರತು ನನ್ನ ಪಕ್ಕದ ತಟ್ಟೆಗೆ ಕೈ ಚಾಚುವುದಿಲ್ಲ. ಆಸ್ತಿಯ ವಿಷಯದಲ್ಲಿ ನಮಗೆ ತಕರಾರಿಲ್ಲ. ಅಪ್ಪ ಬಿಟ್ಟುಹೋದ ಎರಡೆಕರೆ ಅಡಿಕೆಯನ್ನು ನಗುನಗುತ್ತಾ ಹಂಚಿಕೊಂಡ ನಾವು, ಎಂದೂ ಮುಖ ನೋಡದ ದೆಹಲಿಯವರಿಗಾಗಿ ಮಾತು ಬಿಟ್ಟಿದ್ದೇವೆ.

ಇಬ್ಬರೂ ಬೆಳಿಗ್ಗೆ ಚಾ ಕುಡಿಯುವುದು ಒಂದೇ ಅಂಗಡಿಯಲ್ಲಿ. ಬೇರೆ ಅಂಗಡಿಯ ಚಾ ಅವನಿಗೂ ಆಗದು, ನನಗೂ ಆಗದು. ಮೊದಲು ಅಲ್ಲೊಂದು ಪೇಪರು ಬರುತ್ತಿತ್ತು. ಅಂಗಡಿಯವನು ಅದರ ಹಾಳೆಗಳನ್ನು ಬಿಡಿಸಿ ಹಂಚುತ್ತಿದ್ದ. ಒಬ್ಬನ ಕೈಯಲ್ಲಿ ಮುಖಪುಟ, ಇನ್ನೊಬ್ಬನಲ್ಲಿ ಕ್ರೀಡೆ, ಮತ್ತೊಬ್ಬನಲ್ಲಿ ಅಡಿಕೆ ಧಾರಣೆ. ಸುದ್ದಿಯ ಬುಡದಲ್ಲಿ ‘6ನೇ ಪುಟಕ್ಕೆ’ ಎಂದಿದ್ದರೆ, 6ನೇ ಪುಟ ಯಾರ ಕೈಯಲ್ಲಿದೆಯೋ ಅವನನ್ನು ಮಾತಾಡಿಸಲೇಬೇಕು, ಅವನ ಪಕ್ಷ ಯಾವುದೇ ಇರಲಿ. ಆಮೇಲೆ ಎಲ್ಲರ ಕೈಗೂ ಫೋನು ಬಂತು. ಫೋನಿನಲ್ಲಿ ‘6ನೇ ಪುಟಕ್ಕೆ’ ಇಲ್ಲ. ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಟಿವಿಯೂ ಬಂತು, ಯಾವ ಚಾನೆಲ್ ಹಾಕಬೇಕೆಂಬ ಜಗಳಕ್ಕೆ ಬೆಂಚುಗಳು ಎರಡಾದವು. ಬೇಸತ್ತು ಅಂಗಡಿಯವನು ಟಿವಿಯ ವೈರು ಕಿತ್ತಿಟ್ಟ.

ಹೋದ ವಾರ ಮಳೆಗೆ ಎರಡು ದಿನ ಕರೆಂಟಿಲ್ಲ, ಫೋನುಗಳೆಲ್ಲ ಸತ್ತವು. ಅಂಗಡಿಯವನು ಬಸ್ ಸ್ಟ್ಯಾಂಡಿನಿಂದ ಪೇಪರು ತರಿಸಿ ಹಳೆಯ ಹಾಗೆಯೇ ಹರಡಿದ. ಅಣ್ಣನಿಗೆ ಮುಖಪುಟ ಸಿಕ್ಕಿತು, ನನಗೆ ಒಳಗಿನ ಹಾಳೆ. ಅವನು ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಬಹಳ ಹೊತ್ತು ಓದಿದ. ಆಮೇಲೆ ನನ್ನ ಕಡೆ ನೋಡದೆ, ಗೋಡೆಯ ಕ್ಯಾಲೆಂಡರಿಗೆ ಹೇಳಿದಂತೆ, “ಆರನೇ ಪುಟ ಯಾರ ಹತ್ರ ಉಂಟು?” ಅಂದ. ನಾನು ಹಾಳೆಯನ್ನು ಬೆಂಚಿನ ಮೇಲಿಂದ ದೂಡಿದೆ. ಅವನು ತಗೊಂಡ. “ಇದು ಒದ್ದೆ ಆಗಿದೆ,” ಅಂದ. “ಸೂರು ಸೋರ್ತಿದೆ, ನಾ ಏನು ಮಾಡ್ಲಿ,” ಅಂದೆ.

ಅಂಗಡಿಯವನು ಕೇಳದೆಯೇ ಒಂದು ಚಾವನ್ನು ಬೈಟೂ ಮಾಡಿ ನಮ್ಮಿಬ್ಬರ ನಡುವೆ ಇಟ್ಟುಹೋದ.

ಇದನ್ನೇ ತಮ್ಮ 17ನೇ ಸಭೆಯೆಂದು ದಾಖಲಿಸಿಕೊಳ್ಳಲು ಆಕ್ಷೇಪಣೆ ಇಲ್ಲ. ಹಾಜರಿದ್ದವರು ಇಬ್ಬರು, ಕೋರಂ ಆಗಿತ್ತು. ನಿರ್ಣಯ ಯಾವುದೂ ಆಗಿಲ್ಲ. ಟಿಎ, ಡಿಎ ಕ್ಲೇಮು ಇರುವುದಿಲ್ಲ. ಚಾದ ದುಡ್ಡು ಯಾರು ಕೊಡಬೇಕೆಂಬುದು ಮಾತ್ರ ಇನ್ನೂ ಚರ್ಚೆಯಲ್ಲಿದೆ.

ಇತಿ ತಮ್ಮ ವಿಧೇಯ,
ಸಾಗರದ ಒಬ್ಬ ನಿವೃತ್ತ ಗುಮಾಸ್ತ