ಉಳಿದ 290 ನೀನು ಹಾಕು

ನಮ್ಮ ಸ್ಟುಡಿಯೊಗೆ ಈಗ ಫೋಟೊ ತೆಗೆಸಿಕೊಳ್ಳೋಕೆ ಬರುವವರು ಕಡಿಮೆ, ದೊಡ್ಡದು ಮಾಡಿಸೋಕೆ ಬರುವವರೇ ಜಾಸ್ತಿ. ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, ಎರಡು ಬೆರಳಿನಲ್ಲಿ ಚಿತ್ರವನ್ನು ಹಿಗ್ಗಿಸಿ, ‘ನೋಡಿ, ಇಷ್ಟಾಯ್ತಲ್ಲ, ಹಿಂಗೇ ಇನ್ನೊಂಚೂರು’ ಅನ್ನುವುದು ಈ ಜನರ ಕುಲಲಕ್ಷಣ. ಬೆರಳಿಗೆ ಆಗಿದ್ದು ಕಂಪ್ಯೂಟರಿಗೆ ಆಗಲಿಲ್ಲವೆಂದರೆ ಅದು ನನ್ನ ಸೋಮಾರಿತನ.

ಇವರಲ್ಲಿ ಒಳಪಂಗಡಗಳುಂಟು. ಕೆಲವರು ಯಾರದೋ ಸ್ಟೇಟಸ್ಸಿನ ಸ್ಕ್ರೀನ್‌ಶಾಟ್ ತರುತ್ತಾರೆ. ಮಗುವಿನ ಹಣೆಯ ಮೇಲೆ ಟೈಮು, ಬ್ಯಾಟರಿ. ಗಲ್ಲದ ಕೆಳಗೆ ‘ರಿಪ್ಲೈ’. ‘ಅದನ್ನೊಂದು ಅಳಿಸಿಬಿಡಿ ಸಾರ್, ಮಿಕ್ಕಿದ್ದು ಕ್ಲಿಯರಾಗೇ ಇದೆ.’ ಇನ್ನು ನಾಯಕರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಹಾಕಿಸುವ ಹುಡುಗರು. ಇವರು ಗಲಾಟೆ ಮಾಡಿದರೂ ಕಷ್ಟ ಕೊಡುವುದಿಲ್ಲ. ಹತ್ತಡಿ ಫ್ಲೆಕ್ಸನ್ನು ಜನ ನೋಡುವುದು ರಸ್ತೆಯ ಆಚೆಯಿಂದ. ಇಂಚಿಗೆ 40-50 ಚುಕ್ಕಿ ಇದ್ದರೂ ಕಣ್ಣು ಹೊಂದಿಸಿಕೊಳ್ಳುತ್ತದೆ. ನಾಯಕರನ್ನು ದೂರದಿಂದ ನೋಡುವುದೇ ಎಲ್ಲರಿಗೂ ಕ್ಷೇಮ.

ನನ್ನ ಪ್ರಾಣ ತಿನ್ನುವವರು ಗೋಡೆಗೆ ಕಟ್ಟು ಹಾಕಿಸುವವರು. ಅವರ ಪೈಕಿ ಅಗ್ರಗಣ್ಯರು ನಮ್ಮ ಮೇಷ್ಟ್ರು. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ಕಲಿಸಲು ನೋಡಿದವರು ಅಂದರೆ ಹೆಚ್ಚು ನ್ಯಾಯ. ರಿಟೈರಾದ ಮೇಲೆ ಅವರಿಗೆ ಸಂಜೆ ಕಾಲ ಕಳೆಯಲು ನನ್ನ ಅಂಗಡಿಯ ಸ್ಟೂಲೇ ಗತಿ.

ಆವತ್ತು ಅವರು ತಂದದ್ದು ಯಾವುದೋ ಮದುವೆಯ ಗುಂಪಿನ ಫೋಟೊ. ವಾಟ್ಸಾಪಿನಲ್ಲಿ ಮನೆಯಿಂದ ಮನೆಗೆ ಹೋಗಿ ಸವೆದು ಬಂದಿತ್ತು. ಬಲತುದಿಯಲ್ಲಿ, ಅರ್ಧ ಕಂಬದ ಹಿಂದೆ, ಕಾಫಿ ತಟ್ಟೆ ಹಿಡಿದ ಒಬ್ಬ ಹೆಂಗಸು. ‘ನಮ್ಮಕ್ಕ. ಬರೋ ತಿಂಗಳು ವರ್ಷದ ತಿಥಿ. 20ಕ್ಕೆ 24 ಇಂಚು ಮಾಡ್ಕೊಡು.’

ತಟ್ಟೆ, ಕಂಬ ಎಲ್ಲ ಬಿಟ್ಟು ಮುಖ, ಭುಜದವರೆಗೆ ಕತ್ತರಿಸಿ ನೋಡಿದೆ. ಅಗಲ 200 ಚುಕ್ಕಿ, ಉದ್ದ 240. ಗುರುಗಳಿಗೆ ಲೆಕ್ಕ ಹೇಳುವ ಅವಕಾಶ ಜೀವಮಾನದಲ್ಲಿ ಎಷ್ಟು ಸಲ ಸಿಗುತ್ತದೆ?

‘ಸಾರ್, 200 ಚುಕ್ಕೀನ 20 ಇಂಚಿಗೆ ಹಂಚಿದ್ರೆ ಇಂಚಿಗೆಷ್ಟು?’

‘ಹತ್ತು.’

‘ಹತ್ತಿರ ನಿಂತು ನೋಡೋ ಪ್ರಿಂಟಿಗೆ ಬೇಕಾದ್ದು 300.’

ಮೇಷ್ಟ್ರು ಒಂದು ಕ್ಷಣವೂ ಯೋಚಿಸಲಿಲ್ಲ. ‘ಸರಿ, ಉಳಿದ 290 ನೀನು ಹಾಕು. ಒಂಬತ್ತನೇ ಕ್ಲಾಸಲ್ಲಿ ನಾನು ನಿಂಗೆ ಗ್ರೇಸ್ ಮಾರ್ಕ್ಸ್ ಹಾಕಲಿಲ್ವಾ? ಹಂಗೇ.’

ಅಂಗಡಿಯ ಹುಡುಗ ಬೆನ್ನು ತಿರುಗಿಸಿ ನಕ್ಕ. ನಿಜ ಹೇಳಬೇಕೆಂದರೆ ಮೇಷ್ಟ್ರು ಹೇಳಿದ್ದು ಅಷ್ಟೇನೂ ಅಸಂಬದ್ಧವಲ್ಲ. ಚಿತ್ರ ಹಿಗ್ಗಿಸುವಾಗ ಫೋಟೊಶಾಪ್ ಮಾಡುವುದೂ ಅದನ್ನೇ. ಬೈಕ್ಯುಬಿಕ್ ಎಂಬ ವಿಧಾನದಲ್ಲಿ ಸುತ್ತಲಿನ 16 ಚುಕ್ಕಿಗಳನ್ನು ನೋಡಿ, ನಡುವೆ ಯಾವ ಬಣ್ಣ ಇದ್ದಿರಬಹುದು ಅಂತ ಊಹಿಸಿ ತುಂಬುತ್ತದೆ. ಒಂದಕ್ಕೆರಡು ಮಾಡುವಾಗ ಇದು ನಡೆಯುತ್ತದೆ. ಹತ್ತನ್ನು ಮುನ್ನೂರು ಮಾಡಿದರೆ ಪೇಪರಿನ ತುಂಬ ಊಹೆಯೇ ಇರುತ್ತದೆ.

‘ಫೋನಲ್ಲಿ ಚೆನ್ನಾಗೇ ಕಾಣ್ತದಲ್ಲೋ!’

ಕಾಣದೆ ಏನು? ಇಂಚಿಗೆ ಸುಮಾರು 400 ಚುಕ್ಕಿ ಹಿಡಿಸುವ ಪರದೆಯಲ್ಲಿ ಅಕ್ಕ ಅರ್ಧ ಇಂಚು ಇದ್ದರು. ಮೇಷ್ಟ್ರ ವಾದಕ್ಕೆ ಇನ್ನೊಂದು ಬೇರೂ ಇದೆ. ಅವರು ನೆಗೆಟಿವ್ ಕಾಲದವರು. 36 ಮಿಲಿಮೀಟರ್ ಉದ್ದದ ನೆಗೆಟಿವಿನಿಂದ ಕತ್ತಲೆಕೋಣೆಯಲ್ಲಿ ಗೋಡೆಯಳತೆಯ ಫೋಟೊ ಎದ್ದು ಬರುವುದನ್ನು ಕಂಡವರು. ಸಣ್ಣದರಲ್ಲಿ ದೊಡ್ಡದು ಅಡಗಿರುತ್ತದೆ ಎಂಬ ಅವರ ನಂಬಿಕೆ ಫಿಲ್ಮಿನ ಮಟ್ಟಿಗೆ ಸುಳ್ಳಲ್ಲ.

ಕೊನೆಗೆ ಎಐ ಸಾಫ್ಟ್‌ವೇರಿಗೆ ಹಾಕಿದೆ. ಅದು ಧಾರಾಳಿ. ಅಕ್ಕನಿಗೆ ಎಣಿಸುವಂಥ ರೆಪ್ಪೆಗೂದಲು ಕೊಟ್ಟಿತು, ಒಂದು ಸಾಲು ಹಲ್ಲು ಕೊಟ್ಟಿತು, ಮೂಗುಬೊಟ್ಟನ್ನು ಕೊಳೆಯೆಂದು ತಿಳಿದು ಒರೆಸಿಬಿಟ್ಟಿತು. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು.

‘ಯಾರೋ ಇವಳು?’

‘ನಿಮ್ಮಕ್ಕ, ಸಾರ್.’

‘ನಮ್ಮಕ್ಕ ಹಿಂಗೆ ಹಲ್ಲು ಬಿಟ್ಟಿದ್ದನ್ನ ನಾನು ಒಂದಿನಾನೂ ಕಂಡಿಲ್ಲ. ತೆಗಿ ಅತ್ಲಾಗೆ.’

ಬೇರೆ ಫೋಟೊ ಇಲ್ಲವೇ ಅಂತ ಕೇಳಿದೆ. ಇಲ್ಲ. ಐವರು ತಮ್ಮಂದಿರನ್ನು ಸಾಕಿದ ಹೆಂಗಸು; ಮನೆಯಲ್ಲಿ ಯಾವ ಸಮಾರಂಭವಾದರೂ ಫೋಟೊಗೆ ನಿಲ್ಲುವ ಹೊತ್ತಿಗೆ ಅವರಿಗೆ ಒಳಗೆ ಕೆಲಸವಿರುತ್ತಿತ್ತಂತೆ. ನನ್ನ ಅಂಗಡಿಗೆ ಬರುವ ಇಂಥ ಚಿತ್ರಗಳೆಲ್ಲ ಹೆಚ್ಚುಕಡಿಮೆ ಹೀಗೇ. ಚುಕ್ಕಿ ಸಾಲದೆ ಬಂದವರು ಹೆಚ್ಚಿನವರು ತುದಿಯಲ್ಲಿ ನಿಂತವರು, ಬಡಿಸುತ್ತಿದ್ದವರು, ಬೇರೆ ಯಾರದೋ ಫೋಟೊದಲ್ಲಿ ಸಿಕ್ಕಿಬಿದ್ದವರು. 1957ರಲ್ಲಿ ಅಮೆರಿಕದ ರಸೆಲ್ ಕಿರ್ಷ್ ಮೊದಲ ಸಲ ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿ ಹಾಕಿದ್ದು ತಮ್ಮ ಮೂರು ತಿಂಗಳ ಮಗನ ಫೋಟೊವನ್ನು; 176ಕ್ಕೆ 176 ಚುಕ್ಕಿ. ಆವತ್ತಿನಿಂದಲೂ ಚುಕ್ಕಿಯೆಲ್ಲ ಮಕ್ಕಳಿಗೇ ಹೋಗುತ್ತಿದೆ. ನಮ್ಮ ಫೋನುಗಳಲ್ಲಿ ಮಸಾಲೆದೋಸೆಗೂ ನಾಲ್ಕಾರು ಪೋಸುಗಳಿರುತ್ತವೆ. ಅದನ್ನು ಹುಯ್ದು ಕೊಟ್ಟವಳದು ಬೇಕೆಂದರೆ ತಿಥಿಯ ಮುಂಚೆ ಸ್ಟುಡಿಯೊಗೆ ಓಡಿಬರಬೇಕು.

ಅಂತೂ ಅಕ್ಕನನ್ನು ಅಂಗೈಯಗಲ ಮಾತ್ರ ಪ್ರಿಂಟ್ ಹಾಕಿ, ಸುತ್ತ ಅಗಲವಾದ ಬಿಳಿ ಮೌಂಟ್ ಕೊಟ್ಟು, ದೊಡ್ಡ ಕಟ್ಟಿನಲ್ಲಿ ಕೂರಿಸಿದೆ. ಸ್ವಲ್ಪ ಮಂಜು, ಆದರೆ ಅಕ್ಕನೇ. ಮೂಗುಬೊಟ್ಟು ಇತ್ತು. ಮೇಷ್ಟ್ರು ಬಹಳ ಹೊತ್ತು ನೋಡಿ, ‘ಪೇಪರ್ ಸುಮ್ಮನೆ ವೇಸ್ಟಾಯ್ತು’ ಎಂದು ಚೌಕಾಸಿಗಿಳಿದರು.

ಈಗ ಅವರದು ಹೊಸ ಕಾಟ. ಮೊನ್ನೆ ಅವರ ನೆಂಟರ ಮದುವೆಗೆ ನಾನೇ ಫೋಟೊಗ್ರಾಫರ್. ಧಾರೆ ಮುಗಿದದ್ದೇ ತಡ, ಮೇಷ್ಟ್ರು ನನ್ನ ಕ್ಯಾಮೆರಾ ಪಟ್ಟಿ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ಹೋಳಿಗೆ ತಟ್ಟುತ್ತಿದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ, ಕೈ ಒರೆಸಿಸಿ, ಕಿಟಕಿಯ ಬೆಳಕಿಗೆ ನಿಲ್ಲಿಸಿದರು. ಹೊರಗೆ ವರನ ಕಡೆಯವರು ಫೋಟೊಗ್ರಾಫರ್ ಎಲ್ಲಿ ಅಂತ ಕೂಗಾಡುತ್ತಿದ್ದರು. ‘ಕೂಗಲಿ, ನೀನು ತೆಗಿ’ ಅಂದರು ಮೇಷ್ಟ್ರು. ನನ್ನದು 24 ಮೆಗಾಪಿಕ್ಸೆಲ್ ಕ್ಯಾಮೆರಾ. ಉದ್ದಕ್ಕೆ 6000 ಚುಕ್ಕಿ, ಇಂಚಿಗೆ ಮುನ್ನೂರರಂತೆ ಸರಿಯಾಗಿ 20 ಇಂಚು. ಲೆಕ್ಕವನ್ನು ಅವರೇ ಮನಸ್ಸಿನಲ್ಲಿ ಮಾಡಿ ತಲೆಯಾಡಿಸಿದರು. ದುಡ್ಡಿನ ಲೆಕ್ಕ ಮಾತ್ರ ಇನ್ನೂ ಮಾಡಿಲ್ಲ.